ಮೂತ್ರ ಪರೀಕ್ಷೆ: ಯಂತ್ರದ ಎಣಿಕೆ, ಕಣ್ಣಿನ ತೀರ್ಪು

ಉರಿಮೂತ್ರವೆಂದು ಪರೀಕ್ಷೆ ಮಾಡಿಸಿದವರೊಬ್ಬರಿಗೆ ಒಂದು ಪ್ರಯೋಗಾಲಯ ‘ಕೀವುಕಣ 4-6, ಎಚ್.ಪಿ.ಎಫ್.’ ಎಂಬ ವರದಿ ಕೊಡುತ್ತದೆ ಎನ್ನಿ. ಮರುದಿನ ಇನ್ನೊಂದು ಪ್ರಯೋಗಾಲಯದ ವರದಿ ‘ಮೈಕ್ರೊಲೀಟರಿಗೆ 28’ ಎನ್ನುತ್ತದೆ. ಸೋಂಕು ಒಂದೇ ರಾತ್ರಿಯಲ್ಲಿ ಐದು ಪಟ್ಟಾಯಿತೇ ಎಂದು ರೋಗಿ ಗಾಬರಿಯಾಗುವುದು ಸಹಜ. ಆದರೆ ಇವೆರಡೂ ಬೇರೆ ಬೇರೆ ಅಳತೆಗಳು; ಒಂದರ ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ.

ಹಳೆಯ ವಿಧಾನದಲ್ಲಿ ಸುಮಾರು 10 ಮಿಲಿಲೀಟರ್ ಮೂತ್ರವನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ 5 ನಿಮಿಷ ತಿರುಗಿಸಿ, ಮೇಲಿನ ದ್ರವವನ್ನು ಚೆಲ್ಲಿ, ತಳದ ಗಸಿಯ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೆಚ್ಚು ಹಿಗ್ಗಿಸಿದಾಗ ಒಂದು ನೋಟಕ್ಕೆ ಕಾಣುವ ವೃತ್ತವೇ ‘ಎಚ್.ಪಿ.ಎಫ್.’. ಹತ್ತು ಕಡೆ ಎಣಿಸಿ ಸರಾಸರಿ ಹೇಳುತ್ತಾರೆ. ತಿರುಗಿಸುವಾಗ, ಚೆಲ್ಲುವಾಗ ಕೆಲವು ಕಣಗಳು ಒಡೆದು ಇಲ್ಲವೇ ಕಳೆದು ಹೋಗುತ್ತವೆ. ಇಬ್ಬರು ತಂತ್ರಜ್ಞರ ಎಣಿಕೆಯೂ ಒಂದೇ ಆಗಿರುವುದು ಅಪರೂಪ.

ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಹರಿಯುವ ಮೂತ್ರದ ಕಣಗಳಿಗೆ ಬಣ್ಣ ಹಾಕಿ, ಲೇಸರ್ ಬೆಳಕು ಹಾಯಿಸಿ ಗುರುತಿಸುತ್ತದೆ. ಇನ್ನೊಂದು, ಕಣಗಳ ನೂರಾರು ಛಾಯಾಚಿತ್ರ ತೆಗೆದು ಕಂಪ್ಯೂಟರಿನಿಂದ ವಿಂಗಡಿಸುತ್ತದೆ. ಒಂದೆರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ನೂರನೆಯ ಮಾದರಿಗೂ ಯಂತ್ರಕ್ಕೆ ಆಯಾಸವಿಲ್ಲ. ಕೀವುಕಣ, ರಕ್ತಕಣಗಳ ಎಣಿಕೆಯಲ್ಲಿ ಅದರದೇ ಮೇಲುಗೈ.

ಆದರೆ ಎಣಿಸುವುದು ಬೇರೆ, ಗುರುತಿಸುವುದು ಬೇರೆ. ಬೂಷ್ಟಿನ ಜಾತಿಯ ಯೀಸ್ಟ್ ಕಣಗಳನ್ನೂ ಕೆಲವು ಹರಳುಗಳನ್ನೂ ಯಂತ್ರ ಕೆಂಪು ರಕ್ತಕಣವೆಂದು ತಪ್ಪು ತಿಳಿಯಬಹುದು. ಲೋಳೆಯ ಎಳೆಗಳನ್ನು ‘ಕ್ಯಾಸ್ಟ್’ ಎನ್ನಬಹುದು. ನಿಜವಾದ ಕ್ಯಾಸ್ಟನ್ನು ಬಿಟ್ಟುಬಿಡಲೂಬಹುದು.

ಕ್ಯಾಸ್ಟ್ ಎಂದರೆ ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಪ್ರೋಟೀನು ಹೆಪ್ಪುಗಟ್ಟಿ ಮೂಡುವ ಅಚ್ಚು. ಅದರೊಳಗೆ ಕೆಂಪು ರಕ್ತಕಣಗಳು ಸಿಕ್ಕಿಕೊಂಡಿದ್ದರೆ ರಕ್ತ ಬರುತ್ತಿರುವುದು ಮೂತ್ರಪಿಂಡದಿಂದಲೇ ಎಂದು ಅರ್ಥ. ಆಕಾರಗೆಟ್ಟ ರಕ್ತಕಣಗಳು ಹೆಚ್ಚಾಗಿದ್ದರೂ ಅದೇ ಸುಳಿವು. ಮೂತ್ರಕೋಶದ ಸೋಂಕಿಗೆ ಔಷಧಿ ಬೇರೆ, ಮೂತ್ರಪಿಂಡದ ಉರಿಯೂತಕ್ಕೆ ಚಿಕಿತ್ಸೆ ಬೇರೆ. ಈ ವ್ಯತ್ಯಾಸ ತಿಳಿಯುವುದು ತಡವಾದರೆ ಮೂತ್ರಪಿಂಡಕ್ಕೇ ಅಪಾಯ. ಆದ್ದರಿಂದ ಒಳ್ಳೆಯ ಪ್ರಯೋಗಾಲಯಗಳಲ್ಲಿ ಮಾದರಿಗಳನ್ನೆಲ್ಲ ಯಂತ್ರ ಜರಡಿ ಹಿಡಿಯುತ್ತದೆ. ಸಂಶಯ ಬಂದದ್ದನ್ನು ಅನುಭವಿ ತಂತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡುತ್ತಾರೆ.

ಹಳಸಿದ ಮೂತ್ರ ಕೊಟ್ಟರೆ ಎರಡು ವಿಧಾನವೂ ವ್ಯರ್ಥ. ಹೊತ್ತಾದಂತೆ ರಕ್ತಕಣಗಳು ಒಡೆಯುತ್ತವೆ, ಕ್ಯಾಸ್ಟ್‌ಗಳು ಕರಗುತ್ತವೆ, ರೋಗಾಣುಗಳು ವೃದ್ಧಿಯಾಗುತ್ತವೆ. ಹೀಗಾಗಿ ಓದುಗರು ಇಷ್ಟು ನೆನಪಿಡಬೇಕು:

* ಗುಪ್ತಾಂಗವನ್ನು ನೀರಿನಿಂದ ತೊಳೆದು, ಮೊದಲ ಭಾಗ ಬಿಟ್ಟು ನಡುವಿನ ಮೂತ್ರವನ್ನು ಪ್ರಯೋಗಾಲಯದವರು ಕೊಟ್ಟ ಶುದ್ಧ ಡಬ್ಬಿಯಲ್ಲಿ ಹಿಡಿಯಿರಿ.

* 2 ಗಂಟೆಯೊಳಗೆ ಪರೀಕ್ಷೆಯಾಗುವಂತೆ ತಲುಪಿಸಿ.

* ಸ್ತ್ರೀಯರು ಮುಟ್ಟಿನ ದಿನಗಳಾಗಿದ್ದರೆ ಮೊದಲೇ ತಿಳಿಸಿ.

* ವರದಿಯಲ್ಲಿ ಅಂಕಿಯ ಜೊತೆಗೆ ಅಳತೆಯನ್ನೂ ಪಕ್ಕದ ಸಾಮಾನ್ಯ ಮಿತಿಯನ್ನೂ ನೋಡಿ. ಮರುಪರೀಕ್ಷೆಯನ್ನು ಆದಷ್ಟು ಅದೇ ಪ್ರಯೋಗಾಲಯದಲ್ಲಿ ಮಾಡಿಸಿ.

ಮೂತ್ರದಲ್ಲಿ ರಕ್ತ, ಪ್ರೋಟೀನು ಎರಡೂ ಕಂಡು, ಮುಖ ಇಲ್ಲವೇ ಕಾಲು ಊದಿಕೊಂಡಿದ್ದರೆ ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆಯೇ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ.