ಬೆನ್ನ ಮೇಲಿನ ಅಡುಗೆಮನೆ

ಮುಂಬಯಿಯ ಕಾಲೇಜು ಹುಡುಗ ಹುಡುಗಿಯರಿಗೆ ಸಹ್ಯಾದ್ರಿ ದೂರದ ಮಾತೇನಲ್ಲ. ದಾದರಿನಲ್ಲಿ ಕರ್ಜತ್ ಲೋಕಲ್ ಹತ್ತಿದರೆ ರಾಜಮಾಚಿಯ ದಾರಿ, ಕಸಾರಾ ಲೋಕಲ್ ಹತ್ತಿದರೆ ಕಳಸೂಬಾಯಿಯ ದಾರಿ. ನಮ್ಮ ಬಳಗದಲ್ಲೂ ಈ ಸಲ ಚಳಿಗಾಲದ ಚಾರಣಕ್ಕೆ ಹೆಸರು ಕೊಟ್ಟವರು ಸಾಕಷ್ಟು ಜನ ಇದ್ದಾರೆ. ಹೆಸರು ಕೊಟ್ಟವರೆಲ್ಲ ಖಜಾಂಚಿಯಾದ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಊಟಕ್ಕೆ ಎಂತ ಮಾಡುವುದು ಮಾರಾಯ, ಒಲೆ ಯಾವುದು ತಗೊಳ್ಳುವುದು?" ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರ ಕೊಡುವ ಬದಲು ಇಲ್ಲಿ ಬರೆದೇ ಬಿಡೋಣ ಅಂತ ಕೂತಿದ್ದೇನೆ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ, ಕಾಮರ್ಸಿನವನು. ಆದ್ದರಿಂದ ಲೆಕ್ಕದಿಂದಲೇ ಶುರುಮಾಡುತ್ತೇನೆ.

ಅಡುಗೆಗೆ ಎಷ್ಟು ಉರಿ ಬೇಕು ಅನ್ನುವುದು ಮೊದಲನೆಯ ಲೆಕ್ಕ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 75 ಕಿಲೋ ಕ್ಯಾಲೊರಿ ಶಾಖ ಬೇಕೆಂದು ಹೈಸ್ಕೂಲಿನಲ್ಲೇ ಓದಿದ್ದೇವೆ. ಒಂದು ಗ್ರಾಂ ಅಡುಗೆ ಅನಿಲ ಉರಿದರೆ ಸುಮಾರು 11 ಕಿಲೋ ಕ್ಯಾಲೊರಿ ಸಿಗುತ್ತದೆ. ಅಂದರೆ ಒಂದು ಲೀಟರಿಗೆ 7 ಗ್ರಾಂ ಅನಿಲ ಸಾಕು. ಆದರೆ ಬಯಲಿನಲ್ಲಿ ಅರ್ಧ ಶಾಖ ಗಾಳಿಯ ಪಾಲು. ಹಾಗಾಗಿ 14–15 ಗ್ರಾಂ ಅಂತ ಹಿಡಿಯಿರಿ. ಐದು ಜನರಿಗೆ ಸಂಜೆಯ ಚಹಾ, ರಾತ್ರಿಯ ಖಿಚಡಿ, ಬೆಳಗಿನ ಉಪ್ಪಿಟ್ಟು, ಮತ್ತೊಮ್ಮೆ ಚಹಾ ಎಲ್ಲ ಸೇರಿ ಆರೇಳು ಲೀಟರ್ ಕುದಿಯಬೇಕು. ಬೇಯಿಸುವ ಹೊತ್ತಿನ ಉರಿಯನ್ನೂ ಸೇರಿಸಿದರೆ 150 ಗ್ರಾಂ ಅನಿಲದಲ್ಲಿ ಒಂದು ರಾತ್ರಿಯ ಸಂಸಾರ ಮುಗಿಯುತ್ತದೆ. ಮನೆಯ ಸಿಲಿಂಡರಿನಲ್ಲಿರುವುದು 14.2 ಕಿಲೋ. ಅದರ ನೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ!

ಇನ್ನು ಒಲೆಗಳ ಜಾತಿ. ಹಳೆಯದು, ಮರ್ಯಾದಸ್ಥ ಎಂದರೆ ಪಂಪ್ ಹೊಡೆಯುವ ಹಿತ್ತಾಳೆಯ ಸೀಮೆಎಣ್ಣೆ ಸ್ಟವ್. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಚಾಳಿನ ಪ್ರತಿ ಖೋಲಿಯಲ್ಲೂ ಭರ್ ಎಂದು ಕೂಗುತ್ತಿದ್ದದ್ದು ಇದೇ. 1892ರಲ್ಲಿ ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬಾತ ಮಾಡಿದ ಪ್ರೈಮಸ್ ಒಲೆಯೇ ಇದರ ಮೂಲ. ಪಂಪಿನ ಒತ್ತಡದಿಂದ ಎಣ್ಣೆ ಕಾದ ಬರ್ನರಿಗೆ ಏರಿ ಆವಿಯಾಗಿ ನೀಲಿಯಾಗಿ ಉರಿಯುತ್ತದೆ. ಬತ್ತಿಯೂ ಇಲ್ಲ, ಮಸಿಯೂ ಕಡಿಮೆ. 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್ಸೆನ್ ತಂಡ, 1953ರಲ್ಲಿ ಎವರೆಸ್ಟ್ ಹತ್ತಿದ ತಂಡ, ಎರಡೂ ಪ್ರೈಮಸ್ಸನ್ನೇ ನಂಬಿದ್ದವು. ಹಿಮದ ನಾಡಿಗೆ ಅದು ಸರಿ. ನಮಗೋ, ತೂಕ ಕಿಲೋ ಲೆಕ್ಕದಲ್ಲಿ, ಎಣ್ಣೆ ಬೇರೆ. ರೇಷನ್ ಸೀಮೆಎಣ್ಣೆಯೂ ಈಗ ಹಿಂದಿನ ಹಾಗೆ ಸಿಗುವುದಿಲ್ಲ.

ಎರಡನೆಯದು ಪುಟ್ಟ ಗ್ಯಾಸ್ ಒಲೆ. ಅಂಗೈಯಲ್ಲಿ ಹಿಡಿಯುವ ಬರ್ನರ್ ನೂರು ಗ್ರಾಂ ಆಸುಪಾಸು. 230 ಗ್ರಾಂ ಅನಿಲ ತುಂಬಿದ ಡಬ್ಬಿಯ ಮೇಲೆ ಅದನ್ನು ತಿರುಗಿಸಿ ಕೂರಿಸಿದರೆ ಆಯಿತು. ಡಬ್ಬಿಯ ತಗಡೂ ಸೇರಿ ಒಟ್ಟು ಅರ್ಧ ಕಿಲೋ. ಬ್ಯುಟೇನ್ ಅನಿಲ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗಲು ಮುಷ್ಕರ ಹೂಡುತ್ತದಂತೆ. ಸಹ್ಯಾದ್ರಿಯ ಚಳಿ ಅಲ್ಲಿಯವರೆಗೆ ಹೋಗುವುದು ಅಪರೂಪವಾದ್ದರಿಂದ ನಮಗೆ ಆ ಚಿಂತೆ ಇಲ್ಲ. ಮೂರನೆಯದು ಸ್ಪಿರಿಟ್ ಒಲೆ. ತೂಕ ಎಲ್ಲಕ್ಕಿಂತ ಕಡಿಮೆ, ಆದರೆ ಸ್ಪಿರಿಟ್ಟಿನ ಶಾಖ ಗ್ರಾಮಿಗೆ ಆರು ಆರೂವರೆ ಕಿಲೋ ಕ್ಯಾಲೊರಿ ಮಾತ್ರ. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೇ ಕಾಣುವುದಿಲ್ಲ. ಆರಿದೆ ಅಂತ ಮತ್ತೆ ಸ್ಪಿರಿಟ್ ಸುರಿಯಲು ಹೋಗಿ ಕೈ ಸುಟ್ಟುಕೊಳ್ಳುವ ಅಪಾಯ ಇಲ್ಲೇ ಹೆಚ್ಚು.

ತೂಕದ ಲೆಕ್ಕವನ್ನಷ್ಟೇ ನೋಡಿದರೆ ಗ್ಯಾಸ್ ಒಲೆ ಗೆದ್ದಿತು, ಲೇಖನ ಮುಗಿಯಿತು. ಆದರೆ ಪುಸ್ತಕದ ಲಾಭ ಬೇರೆ, ಕೈಗೆ ಬಂದ ನಗದು ಬೇರೆ ಅಂತ ನಮ್ಮ ಅಕೌಂಟೆನ್ಸಿ ಹೇಳುತ್ತದೆ. ಈ ಡಬ್ಬಿಯನ್ನು ಕರ್ಜತಿಗೆ ಒಯ್ಯುವುದು ಹೇಗೆ?

ರೈಲಿನಲ್ಲಿ ಒಯ್ಯುವಂತಿಲ್ಲ ಮಿತ್ರರೇ. ಗ್ಯಾಸ್, ಸೀಮೆಎಣ್ಣೆ, ಸ್ಪಿರಿಟ್, ಪೆಟ್ರೋಲ್ ಯಾವುದೂ ಇಲ್ಲ. 1989ರ ರೈಲ್ವೆ ಕಾಯಿದೆಯ 67ನೇ ಕಲಮು ಇದನ್ನು ತಡೆಯುತ್ತದೆ. 164ನೇ ಕಲಮಿನ ಪ್ರಕಾರ ಮೂರು ವರ್ಷದವರೆಗೂ ಸಜೆಯಾಗಬಹುದು. ನಮ್ಮ ಸಭೆಯಲ್ಲಿ ಒಬ್ಬರು ಎದ್ದು, "ಟವೆಲ್ಲಿನಲ್ಲಿ ಸುತ್ತಿ ಚೀಲದ ತಳದಲ್ಲಿ ಇಟ್ಟರೆ ಯಾರು ನೋಡ್ತಾರೆ? ಎಲ್ಲರೂ ಒಯ್ಯುತ್ತಾರಪ್ಪ" ಅಂದರು. ಹಲವರು ತಲೆದೂಗಿದರು ಕೂಡ. ಯಾರು ನೋಡುತ್ತಾರೆ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. 2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೈ ನಿಲ್ದಾಣದ ಹತ್ತಿರ ನಿಂತಿದ್ದ ಯಾತ್ರಿಕರ ಬೋಗಿಯೊಂದಕ್ಕೆ ಬೆಂಕಿ ಬಿತ್ತು. ಕದ್ದು ತಂದಿದ್ದ ಸಿಲಿಂಡರಿನಲ್ಲಿ ಒಳಗೇ ಚಹಾ ಕಾಯಿಸಲು ಹೋಗಿದ್ದೇ ಕಾರಣವೆಂದು ರೈಲ್ವೆಯವರು ಹೇಳಿದರು. ಒಂಬತ್ತು ಜನ ಸತ್ತರು. ಅದು ನಿಂತ ಬೋಗಿ. ಶನಿವಾರ ಸಂಜೆ ಠಾಣೆ ದಾಟುವ ಲೋಕಲ್ಲಿನಲ್ಲಿ ಒಂದು ಕಾಲು ಊರಲು ಜಾಗವಿರುವುದಿಲ್ಲ. ಅಲ್ಲಿ ನಮ್ಮ ಚೀಲದ ಪಕ್ಕ ನಿಂತವನು ದಿನದ ಕೆಲಸ ಮುಗಿಸಿ ಬದಲಾಪುರಕ್ಕೆ ಹೋಗುವವನು. ನಮ್ಮ ಖಿಚಡಿಗಾಗಿ ಅಪಾಯದ ಪಾಲು ತೆಗೆದುಕೊಳ್ಳಲು ಆತ ನಮ್ಮ ಭಾಗೀದಾರನಲ್ಲ. ನಾನು ಖಜಾಂಚಿಯಾಗಿರುವ ತನಕ ಬಳಗದ ಹಣದಲ್ಲಿ ರೈಲಿಗೆ ಗ್ಯಾಸ್ ಡಬ್ಬಿ ಹತ್ತುವುದಿಲ್ಲ. ಎಸ್.ಟಿ. ಬಸ್ಸಿಗೂ ಇದೇ ಮಾತು.

"ಹಾಗಾದರೆ ಕಾಡಿನಲ್ಲಿ ಪುಳ್ಳೆ ಆರಿಸಿ ಮೂರು ಕಲ್ಲು ಹೂಡೋಣ" ಅನ್ನುವವರಿಗೂ ಒಂದು ಮಾತು. ಹರಿಶ್ಚಂದ್ರಗಡ, ಕಳಸೂಬಾಯಿ, ಭೀಮಾಶಂಕರ ಇವೆಲ್ಲ ವನ್ಯಜೀವಿ ಧಾಮದೊಳಗಿನ ಜಾಗಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು ನಿಷೇಧಿಸುತ್ತದೆ. ಮಳೆ ನಿಂತು ಎರಡು ತಿಂಗಳಾದರೆ ಬೆಟ್ಟದ ಹುಲ್ಲೆಲ್ಲ ಒಣಗಿ ಕಾಗದದಂತೆ ಇರುತ್ತದೆ. ಒಂದು ಕಿಡಿ ಸಾಕು. 2018ರ ಮಾರ್ಚಿಯಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳಕೊಂಡರು. ಒಣ ಹುಲ್ಲಿನ ಬೆಂಕಿ ಮನುಷ್ಯನಿಗಿಂತ ವೇಗವಾಗಿ ಓಡುತ್ತದೆ. ಇದಲ್ಲದೆ ಕಲ್ಲಿನ ಒಲೆ ಶಾಖದ ಹೆಚ್ಚಿನ ಪಾಲನ್ನು ಆಕಾಶಕ್ಕೇ ಕೊಡುವುದರಿಂದ ಒಂದು ಲೀಟರ್ ನೀರಿಗೆ ನೂರೈವತ್ತು ಗ್ರಾಮಿಗೂ ಹೆಚ್ಚು ಸೌದೆ ಬೇಕಾಗುತ್ತದೆ. ಆ ಸೌದೆ ಅಲ್ಲಿನ ಹಳ್ಳಿಯ ಹೆಂಗಸರು ತಲೆಮೇಲೆ ಹೊರುವ ಸೌದೆ, ನಮ್ಮದಲ್ಲ.

ಈಗ ತೀರ್ಮಾನಕ್ಕೆ ಬರೋಣ. ದಾರಿಗಳು ಮೂರು.

ಒಂದು, ಬಾಡಿಗೆ ಜೀಪು ಮಾಡಿಕೊಂಡು ಮುಂಬಯಿಯಿಂದಲೇ ರಸ್ತೆಯಲ್ಲಿ ಹೋಗುವುದಾದರೆ, ಬೆಂಕಿಗೆ ಅನುಮತಿ ಇರುವ ಜಾಗದಲ್ಲಿ ಸಣ್ಣ ಗ್ಯಾಸ್ ಒಲೆಯೇ ಉತ್ತಮ. ಎರಡು, ರೈಲಿನಲ್ಲಿ ಹೋಗಿ ಹಳ್ಳಿಯ ಮನೆಯಲ್ಲಿ ಊಟ ಹೇಳುವುದು. ರಾಜಮಾಚಿಯ ಉಧೇವಾಡಿ, ಕಳಸೂಬಾಯಿಯ ಬುಡದ ಬಾರಿ, ಹರಿಶ್ಚಂದ್ರಗಡದ ಪಾಚನಯಿ, ಈ ಹಳ್ಳಿಗಳಲ್ಲಿ ಮೊದಲೇ ತಿಳಿಸಿದರೆ ಝುಣಕ ಭಾಕರಿ, ಅನ್ನ, ಸಾರು ಮಾಡಿ ಬಡಿಸುತ್ತಾರೆ. ಈ ಒಲೆಯ ತೂಕ ಸೊನ್ನೆ ಗ್ರಾಂ. ಕೊಟ್ಟ ಹಣ ಆ ಮನೆಗೇ ಸೇರುತ್ತದೆ. ಹೊಸ ಬರ್ನರ್ ಕೊಂಡು ವರ್ಷಕ್ಕೆ ಎರಡು ಸಲ ಬಳಸಿ ಸವಕಳಿ ಬರೆಯುವುದಕ್ಕಿಂತ ಇದು ನಮ್ಮಂಥವರಿಗೆ ಅಗ್ಗ. ಮೂರು, ಒಲೆಯೇ ಬೇಡದ ಊಟ. ಇದರಲ್ಲಿ ನಮ್ಮ ಊರಿನವರನ್ನು ಮೀರಿಸಿದವರಿಲ್ಲ. ತೆಳು ಅವಲಕ್ಕಿಗೆ ಕಾಯಿತುರಿ, ಬೆಲ್ಲ. ಇಲ್ಲವಾದರೆ ಮೆಣಸಿನ ಹುಡಿ, ಉಪ್ಪು, ಎಣ್ಣೆ. ದಪ್ಪ ಅವಲಕ್ಕಿಯಾದರೆ ತಣ್ಣೀರಲ್ಲಿ ನೆನೆಸಿದರೆ ಸಾಕು. ಹುರಿಅಕ್ಕಿ ಹುಡಿ, ಚಕ್ಕುಲಿ, ಚಟ್ನಿಹುಡಿ ಎಲ್ಲವೂ ನಿಮ್ಮ ಮನೆಯ ಡಬ್ಬಿಯಲ್ಲೇ ಇವೆ.

ಪಾತ್ರೆಯ ವಿಚಾರ. ಹಳ್ಳಿಯ ಒಲೆಯಲ್ಲಿ ನಾವೇ ಬೇಯಿಸುವ ಪ್ರಸಂಗ ಬಂದರೂ ಪಾತ್ರೆ ಬೇಕು. ಉಕ್ಕಿನ ಸಾಂದ್ರತೆ ಅಲ್ಯುಮಿನಿಯಮ್ಮಿನ ಸುಮಾರು ಮೂರು ಪಟ್ಟು. ನಮ್ಮ ಗಲ್ಲಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಎರಡು ಲೀಟರಿನ ಎರಡು ತೋಪುಗಳನ್ನು ಮುಚ್ಚಳ ಸಮೇತ ಇಟ್ಟು ನೋಡಿದೆ: ಸ್ಟೀಲಿನದು 700 ಗ್ರಾಂ, ಅಲ್ಯುಮಿನಿಯಮ್ಮಿನದು 350. ಶಾಖ ಹರಡುವುದರಲ್ಲೂ ಅಲ್ಯುಮಿನಿಯಂ ಸ್ಟೇನ್‌ಲೆಸ್ ಸ್ಟೀಲಿಗಿಂತ ಹತ್ತು ಪಟ್ಟಿಗೂ ಮಿಗಿಲು, ತಳ ಹಿಡಿಯುವುದು ಕಡಿಮೆ. ಆದರೆ ಹುಣಸೆಹುಳಿಯ ಸಾರನ್ನು ಬರೀ ಅಲ್ಯುಮಿನಿಯಮ್ಮಿನಲ್ಲಿ ಕುದಿಸಿ ಇಡಬೇಡಿ. ಹುಳಿ ಲೋಹವನ್ನು ತಿನ್ನುತ್ತದೆ. ಸಾರಿಗೆ ಒಂದು ಸಣ್ಣ ಸ್ಟೀಲ್ ಡಬ್ಬಿ ಇರಲಿ, ಅದು ತೋಪಿನೊಳಗೆ ಕೂರುವಂತಿರಲಿ, ಡಬ್ಬಿಯೊಳಗೆ ಚಹಾಪುಡಿ, ಸಕ್ಕರೆ. ಪಿಡಿ ಇಲ್ಲದ ಅಗಲ ತಳದ ತೋಪು, ಜೊತೆಗೆ ಒಂದು ಇಕ್ಕುಳ. ಮುಚ್ಚಳ ಮರೆಯಬಾರದು, ಅದು ಉಳಿಸುವ ಉರಿ ತನ್ನ ತೂಕಕ್ಕಿಂತ ಬೆಲೆಬಾಳುತ್ತದೆ. ಟೈಟೇನಿಯಂ ಪಾತ್ರೆ ಹಗುರ ನಿಜ; ಅದರ ಬೆಲೆ ಕೇಳಿದರೆ ನಮ್ಮ ಕಿಸೆಯೂ ಹಗುರವಾಗುತ್ತದೆ.

ಅಕ್ಕಿಯ ಬಗ್ಗೆ ದಕ್ಷಿಣ ಕನ್ನಡದ ಗೆಳೆಯರಿಗೆ ವಿಶೇಷ ಸೂಚನೆ: ಕುಚ್ಚಲಕ್ಕಿ ಮನೆಯಲ್ಲೇ ಇರಲಿ. ಅದು ಬೇಯಲು ಬೆಳ್ತಿಗೆಯ ಎರಡು ಮೂರು ಪಟ್ಟು ಹೊತ್ತು ಬೇಕು. ಅಲ್ಲದೆ ಎತ್ತರ ಏರಿದ ಹಾಗೆ ನೀರು ಬೇಗ ಕುದಿಯುತ್ತದೆ, ಸುಮಾರು ಮುನ್ನೂರು ಮೀಟರಿಗೆ ಒಂದು ಡಿಗ್ರಿಯಂತೆ. ಮಹಾರಾಷ್ಟ್ರದಲ್ಲೇ ಎತ್ತರವಾದ ಕಳಸೂಬಾಯಿ 1646 ಮೀಟರ್. ಅಲ್ಲಿ ನೀರು 95 ಡಿಗ್ರಿ ಮುಟ್ಟುವುದರೊಳಗೇ ಕುದಿಯುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ಹೆಸರುಬೇಳೆ ತನ್ನಿ, ಎರಡು ಗಂಟೆ ನೆನೆಹಾಕಿ.

ಗ್ಯಾಸ್ ಒಲೆ ಬಳಸುವವರಿಗೆ ಮೂರು ನಿಯಮ. ಗುಡಾರದ ಒಳಗೆ ಉರಿಸಬೇಡಿ, ಬಣ್ಣ ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಗಾಳಿಗೆ ಮರೆ ಮಾಡುವಾಗ ಡಬ್ಬಿಯ ಸುತ್ತ ಪೂರ್ತಿ ಮುಚ್ಚಬೇಡಿ, ಡಬ್ಬಿ ಕಾದರೆ ಒಳಗಿನ ಒತ್ತಡ ಏರುತ್ತದೆ. ಖಾಲಿ ಡಬ್ಬಿಗೆ ದೊಡ್ಡ ಸಿಲಿಂಡರಿನಿಂದ ಗ್ಯಾಸ್ ತುಂಬಿಸಿಕೊಡುತ್ತೇವೆ ಅನ್ನುವ ಅಂಗಡಿಯತ್ತ ತಲೆಹಾಕಲೇಬೇಡಿ.

ಈ ಸಲದ ಚಾರಣ ರಾಜಮಾಚಿಗೆ, ಲೋಕಲ್ಲಿನಲ್ಲಿ. ರಾತ್ರಿಯೂಟ ಉಧೇವಾಡಿಯಲ್ಲಿ, ಬೆಳಗಿಗೆ ಅವಲಕ್ಕಿ. ಇದು ನನ್ನ ಸೂಚನೆ. ಮುಂದಿನ ಸಭೆಯಲ್ಲಿ ಮತಕ್ಕೆ ಹಾಕುತ್ತೇನೆ. ವಿರೋಧಿಸುವವರು ದಯವಿಟ್ಟು ಲೆಕ್ಕ ಬರೆದುಕೊಂಡೇ ಬನ್ನಿ. ಒಪ್ಪುವವರು ತಲಾ ಕಾಲು ಕಿಲೋ ಅವಲಕ್ಕಿ ಈಗಲೇ ತೆಗೆದಿಡಿ.