ಗುಂಗುರುಗೂದಲು: ಕೆಲವು ಸಂದೇಹ, ಕೆಲವು ಸಮಾಧಾನ

ಚೈತ್ರ ವೈಶಾಖಗಳು ಬಂದವೆಂದರೆ ಬಳ್ಳಾರಿಯಲ್ಲಿ ಎರಡು ಬಗೆಯ ಕಾವು ಏರುತ್ತದೆ. ಒಂದು ಬಿಸಿಲಿನದು, ಇನ್ನೊಂದು ಮದುವೆಯ ಮಾತುಕತೆಯದು. ಬಿಸಿಲು 40 ಡಿಗ್ರಿಯನ್ನು ದಾಟಿ ಕೋಟೆಗುಡ್ಡದ ಬಂಡೆಗಳು ಕಾದ ಹೆಂಚಿನಂತಾಗುವ ದಿನಗಳಲ್ಲಿಯೇ ಹೆಣ್ಣು ನೋಡುವ ಶಾಸ್ತ್ರಗಳೂ ನಡೆಯುತ್ತವೆ. ಬಳ್ಳಾರಿಯ ಗಾಂಧಿನಗರದ ಮನೆಯಿರಲಿ, ಸಿರುಗುಪ್ಪದ ಭತ್ತದ ವ್ಯಾಪಾರಿಯ ಮನೆಯಿರಲಿ, ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಗುಡಿಗೆ ಸಮೀಪದ ಓಣಿಯಿರಲಿ, ಹುಡುಗಿಯ ಓದು, ಎತ್ತರ, ಮೈಬಣ್ಣಗಳ ಮಾತು ಮುಗಿದ ಮೇಲೆ ಕೂದಲಿನ ಸರದಿ ಬರುತ್ತದೆ. ಅದು ನೆಟ್ಟಗಿದ್ದರೆ ಸರಿ. ಗುಂಗುರಾಗಿದ್ದರೆ ತಾಯಿಯ ಮುಖದಲ್ಲಿ ಚಿಂತೆ ಮೂಡುತ್ತದೆ. "ಹಿಂಗ ಬಿಟ್ಟುಕೊಂಡು ಕುಂತರ ಬಂದವರು ಏನಂದಾರವ್ವಾ? ಒಂದು ಸರ್ತಿ ಪಾರ್ಲರಿಗೆ ಹೋಗಿ ನೆಟ್ಟಗ ಮಾಡಿಸ್ಕೊಂಡು ಬಾ" ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಮಗಳು ಒಪ್ಪುತ್ತಾಳೆ. ಅಂದಿನಿಂದ ತನ್ನ ತಲೆಯ ಮೇಲೆ ಹುಟ್ಟಿನಿಂದ ಬಂದುದೊಂದು ದೋಷವಿದೆಯೆಂಬ ನಂಬಿಕೆ ಅವಳ ಮನಸ್ಸಿನಲ್ಲಿ ಬೇರೂರುತ್ತದೆ.

ಕನ್ನಡ ಭಾಷೆಯಾದರೋ ಈ ಕೂದಲನ್ನು ಎಂದೂ ದೋಷವೆಂದು ಕಂಡುದಿಲ್ಲ. ಕುರುಳು, ಮುಂಗುರುಳು, ಅಳಕ, ಕುಟಿಲಕುಂತಲೆ ಮೊದಲಾದ ಮಾತುಗಳೆಲ್ಲ ಕೊಂಕುಗೂದಲಿನ ಚೆಲುವನ್ನು ಹೇಳುವುದಕ್ಕಾಗಿಯೇ ಹುಟ್ಟಿದವು. ಕನ್ನಡನಾಡಿನ ದೊಡ್ಡದೊಂದು ಭಾಗಕ್ಕೆ ಪ್ರಾಚೀನ ಶಾಸನಗಳಲ್ಲಿ ಕುಂತಲದೇಶವೆಂಬ ಹೆಸರಿದೆ. ಕುಂತಲವೆಂದರೆ ತಲೆಗೂದಲು ಎಂಬ ಅರ್ಥವೂ ಉಂಟು. ಶ್ರವಣಬೆಳಗೊಳದಲ್ಲಿ ಹತ್ತನೆಯ ಶತಮಾನದ ಕೊನೆಯ ಭಾಗದಿಂದ ನಿಂತಿರುವ ಗೊಮ್ಮಟನ ಶಿರಸ್ಸನ್ನು ನೋಡಿದವರಿಗೆ ಅಲ್ಲಿ ಸಾಲುಸಾಲಾಗಿ ಕಡೆದಿರುವ ಪುಟ್ಟ ಬಿಗಿ ಸುರುಳಿಗಳು ಕಾಣಿಸುತ್ತವೆ. ಬುದ್ಧನ ವಿಗ್ರಹಗಳಲ್ಲಿಯೂ ಹಾಗೆಯೇ. ಇಷ್ಟು ದೂರ ಹೋಗುವುದೂ ಬೇಡ. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರ ಭಾವಚಿತ್ರ ಬಳ್ಳಾರಿಯ ಅನೇಕ ದೇವರ ಮನೆಗಳಲ್ಲಿದೆ. ಮುಖದ ಸುತ್ತ ಪ್ರಭಾವಳಿಯಂತೆ ಹರಡಿದ ಆ ಗುಂಗುರುಗೂದಲಿಗೆ ದಿನವೂ ಕೈಮುಗಿಯುವ ಮನೆಯಲ್ಲಿಯೇ ಮಗಳ ಗುಂಗುರುಗೂದಲು ಕುಂದೆನಿಸುವುದು ವಿಚಿತ್ರವಲ್ಲವೇ?

ಕೂದಲಿನಿಂದ ಮನುಷ್ಯನನ್ನು ಅಳೆಯುವ ರೂಢಿ ಅತ್ಯಂತ ಕಠೋರವಾದುದು ಕಪ್ಪು ಜನರ ವಿಷಯದಲ್ಲಿ. ಆಫ್ರಿಕದಿಂದ ಗುಲಾಮರಾಗಿ ಅಮೆರಿಕಕ್ಕೆ ಒಯ್ಯಲ್ಪಟ್ಟವರ ಸಂತತಿಯಲ್ಲಿ "ಒಳ್ಳೆಯ ಕೂದಲು", "ಕೆಟ್ಟ ಕೂದಲು" ಎಂಬ ಎರಡು ಮಾತುಗಳೇ ಬೆಳೆದವು. ನೆಟ್ಟಗಿದ್ದದ್ದು ಒಳ್ಳೆಯದು, ಬಿಗಿಯಾಗಿ ಸುರುಳಿಗೊಂಡದ್ದು ಕೆಟ್ಟದ್ದು. ಕಾಯಿಸಿದ ಕಬ್ಬಿಣದ ಬಾಚಣಿಗೆಯಿಂದಲೂ, ಕಾಸ್ಟಿಕ್ ಸೋಡ ಬೆರೆತ ಲೇಪಗಳಿಂದಲೂ ತಲೆಯನ್ನು ಸುಟ್ಟುಕೊಂಡಾದರೂ ನೆಟ್ಟಗಾಗಿಸಿಕೊಳ್ಳಬೇಕೆಂಬ ಹಂಬಲ ತಲೆಮಾರುಗಳವರೆಗೆ ನಡೆಯಿತು. 1960ರ ದಶಕದಲ್ಲಿ "ಕಪ್ಪು ಸುಂದರ" ಎಂಬ ಘೋಷಣೆಯೊಡನೆ ಸಹಜಗೂದಲನ್ನು ದುಂಡಗೆ ಬೆಳೆಸಿ ತಲೆಯೆತ್ತಿ ನಡೆಯುವವರು ಹೊರಟರು. ಆದರೂ ಶಾಲೆ, ಕಚೇರಿಗಳ ಬಾಗಿಲಲ್ಲಿ ಅಡ್ಡಿ ತಪ್ಪಲಿಲ್ಲ. 2016ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯ ಬಾಲಿಕಾ ಪ್ರೌಢಶಾಲೆಯ ವಿದ್ಯಾರ್ಥಿನಿಯರು ತಮ್ಮ ಸಹಜಗೂದಲನ್ನು ಅಶಿಸ್ತೆಂದು ಎಣಿಸುವ ನಿಯಮದ ವಿರುದ್ಧ ಪ್ರತಿಭಟಿಸಬೇಕಾಯಿತು. ಕೂದಲಿನ ಸ್ವರೂಪವನ್ನು ನೋಡಿ ಯಾರನ್ನೂ ಶಾಲೆಯಿಂದಾಗಲಿ ಉದ್ಯೋಗದಿಂದಾಗಲಿ ದೂರವಿಡಬಾರದೆಂಬ ಕಾನೂನು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಮೊದಲಿಗೆ ಬಂದುದು 2019ರಲ್ಲಿ.

ಇದು ದೂರದೇಶದ ಕಥೆಯೆಂದು ಭಾವಿಸುವಂತಿಲ್ಲ. ಪೋರ್ಚುಗೀಸರ ಕಾಲದಲ್ಲಿ ಪೂರ್ವ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ಬಂದವರಲ್ಲಿ ಅನೇಕರು ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡುಗಳನ್ನು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲ, ಜೊಯಿಡಾಗಳಲ್ಲಿ ನೆಲೆಸಿರುವ ಸಿದ್ದಿಗಳು ಅವರ ಸಂತತಿ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರು ಮತಗಳವರೂ ಅವರಲ್ಲಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನಪರಿಷತ್ತಿಗೆ ನಾಮನಿರ್ದೇಶನಗೊಂಡರು. ನೀನಾಸಮ್‌ನಲ್ಲಿ ನಾಟಕ ಕಲಿತ ಪ್ರಶಾಂತ್ ಸಿದ್ದಿ ಅವರು ಕನ್ನಡ ಚಲನಚಿತ್ರಗಳಲ್ಲಿ ಮನೆಮಾತಾದರು. ಇಷ್ಟಾದರೂ, ಅಚ್ಚಗನ್ನಡ ಮಾತನಾಡುವ ಸಿದ್ದಿ ತರುಣ ತರುಣಿಯರು ತಮ್ಮದೇ ನಾಡಿನ ಪಟ್ಟಣಗಳಲ್ಲಿ "ನೀವು ಯಾವ ದೇಶದವರು?" ಎಂಬ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ. ಪ್ರಶ್ನೆ ಹುಟ್ಟುವುದು ಅವರ ಮೈಬಣ್ಣದಿಂದಷ್ಟೇ ಅಲ್ಲ, ಕೂದಲಿನಿಂದಲೂ ಹೌದು. ಬಳ್ಳಾರಿಯ ಗುಂಗುರುಗೂದಲಿನ ಹುಡುಗಿಯ ಸಂಕಟ ಇದರಷ್ಟು ದೊಡ್ಡದಲ್ಲ. ಆದರೆ ಎರಡರ ಬೇರೂ ಒಂದೇ.

ಇನ್ನು ಸಾಮಾನ್ಯವಾಗಿ ಕೇಳಿಬರುವ ಸಂದೇಹಗಳನ್ನು ಒಂದೊಂದಾಗಿ ಪರಿಶೀಲಿಸಬಹುದು.

ಗುಂಗುರು ಒಂದು ರೋಗವೇ?

ಅಲ್ಲ. ಕೂದಲು ಹುಟ್ಟುವ ಬುಡದ ಕುಳಿ ನೇರವಾಗಿದ್ದರೆ ಕೂದಲು ನೆಟ್ಟಗೆ ಬರುತ್ತದೆ. ಕುಳಿ ಬಾಗಿದ್ದರೆ ಸುರುಳಿಯಾಗಿ ಬರುತ್ತದೆ. ಅಡ್ಡಲಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೆಟ್ಟಗೂದಲು ದುಂಡಗೂ ಗುಂಗುರುಗೂದಲು ಚಪ್ಪಟೆಯಾದ ಮೊಟ್ಟೆಯಾಕಾರಕ್ಕೂ ಇರುತ್ತದೆ. ಇದು ವಂಶಪಾರಂಪರ್ಯವಾಗಿ ಬರುವ ಗುಣ. ಎಣ್ಣೆ ಹಚ್ಚದೆ ಇದ್ದುದರಿಂದ ಬಂದುದೂ ಅಲ್ಲ, ಹಚ್ಚಿದರೆ ಹೋಗುವುದೂ ಅಲ್ಲ.

ಉದ್ದ ಬೆಳೆಯುವುದಿಲ್ಲವಂತೆ, ನಿಜವೇ?

ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಗುಂಗುರುಗೂದಲೂ ಬೆಳೆಯುತ್ತಲೇ ಇರುತ್ತದೆ. ಆದರೆ ಅದರ ಉದ್ದವೆಲ್ಲ ಸುರುಳಿಯೊಳಗೆ ಅಡಗಿಕೊಂಡಿರುತ್ತದೆ. ಒದ್ದೆಯಾದಾಗ ಬೆನ್ನನ್ನು ಮುಟ್ಟುವ ಕೂದಲು ಒಣಗಿದ ಮೇಲೆ ಭುಜಕ್ಕೆ ಏರುವುದನ್ನು ಎಷ್ಟೋ ತಾಯಂದಿರು ಕಂಡಿದ್ದಾರೆ. ಇನ್ನೊಂದು ಕಾರಣವೂ ಉಂಟು. ತಲೆಯ ಚರ್ಮದಿಂದ ಒಸರುವ ಜಿಡ್ಡು ನೆಟ್ಟಗೂದಲಿನ ಮೇಲೆ ತುದಿಯವರೆಗೂ ಇಳಿಯುತ್ತದೆ. ಸುರುಳಿಯ ತಿರುವುಗಳಲ್ಲಿ ಅದು ಇಳಿಯಲಾರದು. ಆದ್ದರಿಂದ ತುದಿ ಒಣಗಿ ತಿರುವುಗಳಲ್ಲಿ ಮುರಿಯುತ್ತದೆ. ಬೆಳೆದಷ್ಟೂ ಮುರಿದರೆ ಉದ್ದ ಕಾಣಿಸುವುದೆಲ್ಲಿ?

ಈ ಬಿಸಿಲಿಗೆ ಇಷ್ಟು ದಟ್ಟ ಕೂದಲು ತಾಪವಲ್ಲವೇ?

ಬಳ್ಳಾರಿಯವರಿಗೆ ಇದು ಸಹಜವಾದ ಪ್ರಶ್ನೆ. ಇದಕ್ಕೆ ಉತ್ತರ 2023ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿದೆ. ಮನುಷ್ಯನ ಮೈಶಾಖಕ್ಕೆ ಕಾಯಿಸಿದ ಬೊಂಬೆಯೊಂದರ ತಲೆಗೆ ನೆಟ್ಟಗಿನ, ಅಲೆಯಲೆಯಾದ, ಬಿಗಿ ಸುರುಳಿಯ ವಿಗ್ಗುಗಳನ್ನು ಒಂದಾದ ಮೇಲೊಂದರಂತೆ ತೊಡಿಸಿ, ಸೂರ್ಯನ ಬಿಸಿಲಿನಂಥ ಬೆಳಕನ್ನು ಹಾಯಿಸಿ ವಿಜ್ಞಾನಿಗಳು ಅಳೆದು ನೋಡಿದರು. ಎಲ್ಲ ಬಗೆಯ ಕೂದಲೂ ತಲೆಯನ್ನು ಬಿಸಿಲಿನಿಂದ ಕಾಪಾಡಿತು. ಆದರೆ ಎಲ್ಲಕ್ಕಿಂತ ಚೆನ್ನಾಗಿ ಕಾಪಾಡಿದುದು ಬಿಗಿ ಸುರುಳಿಯ ಕೂದಲು. ಸುರುಳಿಗಳ ನಡುವೆ ನಿಂತ ಗಾಳಿ ಬಿಸಿಲಿಗೂ ನೆತ್ತಿಗೂ ನಡುವೆ ಚಪ್ಪರದಂತೆ ಕೆಲಸ ಮಾಡುತ್ತದೆ. ಆಫ್ರಿಕದ ಸುಡುಬಿಸಿಲಿನಲ್ಲಿ ನಡೆದ ಮನುಷ್ಯಕುಲಕ್ಕೆ ಪ್ರಕೃತಿ ಕೊಟ್ಟ ಕೊಡೆಯಿದು.

ಹೇನು, ಕೊಳೆ, ಅಶಿಸ್ತು

ಗುಂಗುರುಗೂದಲಿನಲ್ಲಿ ಹೇನು ಹೆಚ್ಚೆಂಬ ನಂಬಿಕೆ ಉಂಟು. ಅಮೆರಿಕದಲ್ಲಿ ಕಂಡುಬಂದಿರುವುದು ಇದಕ್ಕೆ ತದ್ವಿರುದ್ಧ. ಅಲ್ಲಿಯ ಕಪ್ಪು ಮಕ್ಕಳಲ್ಲಿ ಹೇನು ಇತರರಿಗಿಂತ ಬಹಳ ಕಡಿಮೆ. ಅಲ್ಲಿಯ ಹೇನಿನ ಕಾಲುಗಳ ಹಿಡಿತಕ್ಕೆ ದುಂಡುಗೂದಲೇ ಒಗ್ಗಿದೆಯೆಂದು ಬಲ್ಲವರು ಹೇಳುತ್ತಾರೆ. ಕೊಳೆಯ ಮಾತೂ ಹಾಗೆಯೇ. ಎರೆದುಕೊಂಡ ಗುಂಗುರುಗೂದಲು ಎರೆದುಕೊಂಡ ನೆಟ್ಟಗೂದಲಿನಷ್ಟೇ ಚೊಕ್ಕಟ.

ಅಶಿಸ್ತಿನ ಆರೋಪ ಮಾತ್ರ ಮಕ್ಕಳನ್ನು ಹೆಚ್ಚು ನೋಯಿಸುತ್ತದೆ. ಶಾಲೆಗೆ ಹೊರಡುವ ಹುಡುಗಿಯ ಕೂದಲನ್ನು ಎಣ್ಣೆಯಲ್ಲಿ ನೆನೆಸಿ, ಹಣೆಯ ಚರ್ಮ ಹಿಂದಕ್ಕೆಳೆಯುವಷ್ಟು ಬಿಗಿಯಾಗಿ ಎರಡು ಜಡೆ ಹೆಣೆದು ರಿಬ್ಬನ್ನು ಬಿಗಿಯುವುದುಂಟು. ವರ್ಷಗಟ್ಟಲೆ ಹೀಗೆ ಎಳೆದರೆ ಹಣೆಯಂಚಿನ ಮತ್ತು ಕಿವಿಯ ಮೇಲಿನ ಕೂದಲು ಬುಡದಿಂದಲೇ ಸಡಿಲಗೊಳ್ಳುತ್ತದೆ, ಮುಂದೆ ಮತ್ತೆ ಹುಟ್ಟದೆಯೂ ಹೋಗಬಹುದು. ಚರ್ಮವೈದ್ಯರು ಇದನ್ನು ಎಳೆತದಿಂದ ಬರುವ ಬೋಳುತನವೆಂದು ಗುರುತಿಸುತ್ತಾರೆ. ಜಡೆ ಸಡಿಲವಾಗಿದ್ದರೆ ಶಿಸ್ತು ಕೆಡುವುದಿಲ್ಲವೆಂಬುದನ್ನು ಉಪಾಧ್ಯಾಯಿನಿಯರೂ ಮನಗಾಣಬೇಕು.

ಒಮ್ಮೆ ನೆಟ್ಟಗಾಗಿಸಿಕೊಂಡರೆ ತಪ್ಪೇನು?

ಪಾರ್ಲರುಗಳಲ್ಲಿ ಸ್ಟ್ರೈಟನಿಂಗ್, ಸ್ಮೂತನಿಂಗ್, ಕೆರಾಟಿನ್ ಎಂಬ ಹಲವು ಹೆಸರುಗಳು ಕೇಳಿಬರುತ್ತವೆ. ಕೆಲವು ದ್ರಾವಣಗಳು ಕೂದಲಿನ ಒಳಗಿನ ಗಂಧಕದ ಬಂಧಗಳನ್ನು ಕಡಿದು, ಕೂದಲನ್ನು ನೀಳವಾಗಿಸಿ, ಮತ್ತೆ ಕಟ್ಟುತ್ತವೆ. ಮತ್ತೆ ಕೆಲವು ಕಾದ ಇಸ್ತ್ರಿಯ ಕೆಳಗೆ ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ಬಿಡುತ್ತವೆ. ಇದು ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಸಾರಿತು. ಕುರ್ಚಿಯ ಮೇಲೆ ಕುಳಿತ ಹುಡುಗಿಗಿಂತ, ದಿನವೂ ಆ ಹೊಗೆಯ ನಡುವೆ ನಿಂತು ದುಡಿಯುವ ಹುಡುಗಿಗೆ ಅಪಾಯ ಹೆಚ್ಚು.

2022ರಲ್ಲಿ ಅಮೆರಿಕದಲ್ಲಿ 33,497 ಮಹಿಳೆಯರನ್ನು ಹನ್ನೊಂದು ವರ್ಷಗಳ ಸಮೀಪ ಗಮನಿಸಿದ ಅಧ್ಯಯನವೊಂದು ಪ್ರಕಟವಾಯಿತು. ಕೂದಲು ನೆಟ್ಟಗಾಗಿಸುವ ರಾಸಾಯನಿಕವನ್ನು ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇಕಡ 1.64 ಎಂದೂ, ಮೇಲಿಂದ ಮೇಲೆ ಬಳಸಿದವರಲ್ಲಿ ಶೇಕಡ 4.05 ಎಂದೂ ಅದು ಅಂದಾಜು ಮಾಡಿತು. ರಾಸಾಯನಿಕವೇ ಕಾರಣವೆಂದು ಇದರಿಂದ ಸಿದ್ಧಪಟ್ಟಂತಾಗಲಿಲ್ಲ. ಒಮ್ಮೆ ಮಾಡಿಸಿಕೊಂಡವರು ಹೆದರಿ ಕಂಗಾಲಾಗಬೇಕಾದುದೂ ಇಲ್ಲ. ಆದರೆ ಒಮ್ಮೆ ಎಂಬುದು ಒಮ್ಮೆಯಾಗಿ ಉಳಿಯುವುದು ಅಪರೂಪ. ಕೆಲವು ತಿಂಗಳಲ್ಲಿ ಬುಡದಿಂದ ಗುಂಗುರು ಮತ್ತೆ ಹುಟ್ಟುತ್ತದೆ. ಮದುವೆಗೆ ಮುನ್ನ ಮರೆಮಾಡಿದುದನ್ನು ಮದುವೆಯ ನಂತರವೂ ಮರೆಮಾಡುತ್ತಲೇ ಹೋಗಬೇಕಾಗುತ್ತದೆ. ಆ ಹಣ, ಆ ಅಂಜಿಕೆ ಎಷ್ಟು ವರ್ಷ?

ಸಿಕ್ಕುಗಟ್ಟಿದರೆ ದೇವಿಯ ಜಡೆಯೇ?

ಈ ಕೊನೆಯ ಸಂದೇಹ ಉಳಿದವುಗಳಿಗಿಂತ ಗುರುತರವಾದುದು. ಬಳ್ಳಾರಿ ಸೀಮೆಯಲ್ಲಿ, ಹೆಚ್ಚಾಗಿ ಬಡವರ ಕೇರಿಗಳಲ್ಲಿ, ಹೆಣ್ಣುಮಗಳೊಬ್ಬಳ ಕೂದಲು ಬಿಡಿಸಲಾಗದಂತೆ ಗಂಟುಗಟ್ಟಿದರೆ ಎಲ್ಲಮ್ಮನ ಜಡೆ ಬಂದಿತೆಂದು ನಂಬುವುದುಂಟು. ಅದನ್ನು ಕತ್ತರಿಸಿದರೆ ಕೇಡೆಂಬ ಭಯ. ಈ ಭಯದಿಂದ ಎಳೆಯ ಹುಡುಗಿಯರನ್ನು ದೇವರಿಗೆ ಬಿಟ್ಟು ದೇವದಾಸಿಯರನ್ನಾಗಿಸಿದ ಕಾಲವಿತ್ತು. ಅದನ್ನು ಅಪರಾಧವೆಂದು ಸಾರಿದ ಕರ್ನಾಟಕದ ಶಾಸನ 1982ರದು. ಗಂಟು ಬೀಳಲು ಕಾರಣ ಸರಳವಾದುದು. ಎಣ್ಣೆ, ಧೂಳು, ಬೆವರು ಸೇರಿದ ಕೂದಲನ್ನು ಬಹುದಿನ ತೊಳೆಯದೆ ಬಾಚದೆ ಬಿಟ್ಟರೆ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಗುಂಗುರುಗೂದಲಿನಲ್ಲಿ ಇದು ಬೇಗ ಆಗುತ್ತದೆ. ಕಾಯಿಲೆಯಲ್ಲಿ ಮಲಗಿದವರಿಗೂ ಆಗುತ್ತದೆ. ಎಳೆಗಳನ್ನು ಬಿಡಿಸುವುದೂ ಅಗತ್ಯವಾದರೆ ಕತ್ತರಿಸುವುದೂ ನಿರಪಾಯ. ತನ್ನಿಚ್ಛೆಯಿಂದ, ಚೊಕ್ಕಟವಾಗಿ ಜಟೆ ಬಿಡುವವರ ಮಾತು ಬೇರೆ. ಭಯದಿಂದ ಹೊರುವ ಜಟೆ ಬೇರೆ. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳ ಮನೆಯಲ್ಲಿ ಇಂಥ ಅಳುಕು ತಲೆದೋರಿದರೆ ಅಲ್ಲಿಗೆ ಕರೆದೊಯ್ಯುವುದು ಗೃಹಿಣಿಯರಿಗೆ ಅಸಾಧ್ಯವಾದ ಕೆಲಸವೇನಲ್ಲ.

ಆರೈಕೆಯ ಕ್ರಮ

ಗುಂಗುರುಗೂದಲಿಗೆ ಬೇಕಾದುದು ತೇವ ಮತ್ತು ತಾಳ್ಮೆ. ವಾರಕ್ಕೊಂದು ಅಥವಾ ಎರಡು ಸಲ ಎರೆದುಕೊಂಡರೆ ಸಾಕು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಮೈಸೋಪನ್ನು ತಲೆಗೆ ಹಚ್ಚಿದರೆ ಬಿಳಿಯ ಜಿಗುಟು ಕೂದಲಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಸೋಪು ಬೇಡ. ಎರೆಯುವ ಮೊದಲು ಕೊಬ್ಬರಿ ಎಣ್ಣೆ ಸವರುವುದು ಅಜ್ಜಿಯರ ರೂಢಿ. ಕೊಬ್ಬರಿ ಎಣ್ಣೆ ಕೂದಲಿನೊಳಕ್ಕೆ ಇಳಿದು ಅದರ ಸತ್ವ ತೊಳೆದುಹೋಗದಂತೆ ತಡೆಯುತ್ತದೆಂದು 2003ರಲ್ಲಿ ಭಾರತೀಯ ವಿಜ್ಞಾನಿಗಳು ತೋರಿಸಿಕೊಟ್ಟ ಮೇಲೆ ಆ ರೂಢಿಗೆ ಶಾಸ್ತ್ರದ ಬೆಂಬಲವೂ ಸಿಕ್ಕಿತು. ಒಣಗೂದಲನ್ನು ಸೀರಣಿಗೆಯಿಂದ ಎಳೆಯಬಾರದು. ಒದ್ದೆಯಿರುವಾಗಲೇ ಅಗಲ ಹಲ್ಲಿನ ಹಣಿಗೆಯಿಂದ ಮೊದಲು ತುದಿಯನ್ನು, ಆಮೇಲೆ ನಡುವನ್ನು, ಕೊನೆಗೆ ಬುಡವನ್ನು ಬಿಡಿಸಬೇಕು. ಟವೆಲಿನಿಂದ ಉಜ್ಜದೆ ಹಳೆಯ ಮೆತ್ತನೆಯ ಪಂಚೆಯಿಂದ ಒತ್ತಿ ನೀರು ಹೀರಿಸಬೇಕು.

ಸುರುಳಿಗಳು ಕೆದರದಂತೆ ನಿಲ್ಲಿಸಲು ಕಪ್ಪು ಮಹಿಳೆಯರು ಬಳಸುವ ವಸ್ತುವೊಂದು ಬಳ್ಳಾರಿಯ ಅಡಿಗೆಮನೆಗಳಲ್ಲಿಯೇ ಇದೆ. ರೊಟ್ಟಿಯ ಜೊತೆಗೆ ಹಿಂಡಿ ಕುಟ್ಟುವ ಅಗಸೆಯೇ ಅದು. ಕಾಲು ಬಟ್ಟಲು ಅಗಸೆಯನ್ನು ಎರಡು ಬಟ್ಟಲು ನೀರಿನಲ್ಲಿ ಕುದಿಸಿ, ಮೊಟ್ಟೆಯ ಬಿಳಿಯಂತೆ ಲೋಳೆಯಾದಾಗ ಬಿಸಿಯಿರುವಂತೆಯೇ ತೆಳು ಬಟ್ಟೆಯಲ್ಲಿ ಸೋಸಬೇಕು. ಆರಿದ ಮೇಲೆ ಒದ್ದೆಗೂದಲಿಗೆ ಸವರಿ, ಬೆರಳುಗಳಿಂದ ಸುರುಳಿಯನ್ನು ಮುದುರಿ, ತಾನಾಗಿ ಒಣಗಲು ಬಿಡಬೇಕು. ಫ್ರಿಜ್ಜಿನಲ್ಲಿಟ್ಟರೆ ಇದು ಒಂದು ವಾರ ಕೆಡುವುದಿಲ್ಲ. ಖರ್ಚು ಕೆಲವೇ ರೂಪಾಯಿ.

ಇವೆಲ್ಲಕ್ಕಿಂತ ಮೊದಲು ಬೇಕಾದುದು ಮನೆಯವರ ಮಾತಿನಲ್ಲಿ ಎಚ್ಚರ. ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಬಸ್ಸು ಹತ್ತಿ ಬಳ್ಳಾರಿಯ ಕಾಲೇಜಿಗೆ ಬರುವ ಹುಡುಗಿಗೆ ದಾರಿಯಲ್ಲಿ ಯಾರೋ ಆಡಿದ ಹಾಸ್ಯ ಸಂಜೆಗೆ ಮರೆತುಹೋಗಬಹುದು. ತಾಯಿಯೋ ಚಿಕ್ಕಮ್ಮನೋ ಆಡಿದ ಮಾತು ಮರೆಯುವುದಿಲ್ಲ. ಕೂದಲನ್ನು ನೆಟ್ಟಗಾಗಿಸಿಕೊಳ್ಳುವುದೂ ಬಿಡುವುದೂ ಬೆಳೆದ ಮಗಳ ಇಚ್ಛೆಗೆ ಸೇರಿದ ವಿಷಯ. ಆದರೆ ಆ ಇಚ್ಛೆ ನಾಚಿಕೆಯಿಂದ ಹುಟ್ಟಿದುದಾಗಬಾರದು. ಹೆಣ್ಣು ನೋಡಲು ಬಂದವರು ಅವಳ ಮುಂಗುರುಳನ್ನು ಕಂಡು ಹಿಂದಿರುಗಿದರೆ, ಅಂಥ ಸಂಬಂಧ ತಪ್ಪಿದುದಕ್ಕೆ ತಾಯಿತಂದೆಯರು ಮರುಗಬೇಕಾದುದಿಲ್ಲ.