ಹೊಳೆ ಎಲ್ಲಿದೆ ಅಜ್ಜಿ?

ವಾಷಿಂಗ್ಟನ್, ಅಟ್ಲಾಂಟಾ, ಕೆರೊಲಿನಾಗಳಲ್ಲಿ ಹುಟ್ಟಿ ಬೆಳೆದು, ಮನೆಯಲ್ಲಿ ಮಾತ್ರ ಕನ್ನಡ ಕೇಳುವ ಗೆಳೆಯರೇ, ಇವತ್ತಿನ ಮಾತು ನಿಮಗಾಗಿ.

ಒಂದು ಭಾನುವಾರ ಫೋನಿನಲ್ಲಿ ಅಜ್ಜಿ ನನ್ನ ಮಗಳಿಗೆ, "ಹಬ್ಬಕ್ಕೆ ನಿಂಗೇನು ಕಳಿಸಬೇಕು ಅಂತ ಹೊಳೀತಾನೇ ಇಲ್ಲ ಪುಟ್ಟಿ" ಅಂದರು. ಅವಳು, "ಹೊಳೆ ಎಲ್ಲಿದೆ ಅಜ್ಜಿ?" ಅಂದಳು. ನಾವೆಲ್ಲ ನಕ್ಕುಬಿಟ್ಟೆವು. ಆಮೇಲೆ ಮೂರು ವಾರ ಅವಳು ಫೋನಿನ ಹತ್ತಿರ ಬರಲಿಲ್ಲ. ನಕ್ಕವರಲ್ಲಿ ಕನ್ನಡ ಎಂ.ಎ. ಮಾಡಿದ ನಾನೂ ಇದ್ದೆ.

ಒಂದೇ ಪದ ಎರಡು ವಸ್ತುಗಳಿಗೆ ಹೆಸರಾಗುವುದು ಎಲ್ಲ ಭಾಷೆಗಳಲ್ಲೂ ಇದೆ. ಹವಾಯಿ ಭಾಷೆಯಲ್ಲಿ 'ಪಹು' ಅಂದರೆ ತೆಂಗಿನ ಮರದ ಕಾಂಡ ಕೊರೆದು, ಶಾರ್ಕ್ ಮೀನಿನ ಚರ್ಮ ಬಿಗಿದು ಮಾಡುವ ವಾದ್ಯ. ಪೆಟ್ಟಿಗೆಗೂ ಅಲ್ಲಿ 'ಪಹು' ಅಂತಲೇ ಹೆಸರು. ಎರಡರ ಒಳಗೂ ಟೊಳ್ಳು ತಾನೆ? ನಮ್ಮ ಡೊಳ್ಳನ್ನೇ ನೋಡಿ. ಬೀರೇಶ್ವರನ ಭಕ್ತರು ಹೊಟ್ಟೆಯ ಮುಂದೆ ಕಟ್ಟಿಕೊಂಡು ಕುಣಿಯುವ ವಾದ್ಯ ಡೊಳ್ಳು. ಗಣಪತಿಯದು ಡೊಳ್ಳು ಹೊಟ್ಟೆ. ಇಲ್ಲಿ ಆಕಾರ ಹೋಲುತ್ತದೆ.

'ಹೊಳೆ'ಯ ಕಥೆ ಬೇರೆ. ಹಳಗನ್ನಡದಲ್ಲಿ ಇವು ಎರಡು ಪದಗಳು. ಪ್ರಕಾಶಿಸು ಎಂಬುದಕ್ಕೆ 'ಪೊಳೆ', ನದಿಗೆ 'ಪೊೞೆ'. ಆ 'ೞ' ಅಕ್ಷರ ಕ್ರಮೇಣ ನಮ್ಮ ಬಾಯಿಂದ ಮರೆಯಾಗಿ 'ಳ'ದೊಳಗೆ ಸೇರಿಹೋಯಿತು. ಪಕಾರ ಹಕಾರವಾಯಿತು. ಎರಡೂ 'ಹೊಳೆ'ಯೇ ಆದವು. ಮಲಯಾಳಿಗಳು ಆ ಧ್ವನಿಯನ್ನು ಇನ್ನೂ ಉಳಿಸಿಕೊಂಡಿದ್ದಾರೆ. ನದಿಗೆ ಅವರು ಹೇಳುವ ಪದದ ಕೊನೆಯಲ್ಲಿ ಅದನ್ನು ಕೇಳಬಹುದು. ಮನಸ್ಸಿನಲ್ಲಿ ಥಟ್ಟನೆ ಬೆಳಕಾದಂತೆ ಯೋಚನೆ ಬಂದರೆ ಅದೂ 'ಹೊಳೆಯಿತು'.

ಹಾಗಾದರೆ ತಿಳಿಯುವುದು ಹೇಗೆ? ಅಕ್ಕಪಕ್ಕದ ಪದ ನೋಡಿ. 'ಹೊಳೆಗೆ', 'ಹೊಳೆಯಲ್ಲಿ' ಅಂದರೆ ನೀರು. 'ನನಗೆ ಹೊಳೆಯಿತು' ಅಂದರೆ ಯೋಚನೆ. 'ನಕ್ಷತ್ರ ಹೊಳೆಯಿತು' ಅಂದರೆ ಬೆಳಕು. ಇದು ನಿಮಗೆ ಹೊಸದೇನಲ್ಲ. ವಾಷಿಂಗ್ಟನ್ ಪ್ರದೇಶದ ಕನ್ನಡ ಸಂಘದ ಹೆಸರು 'ಕಾವೇರಿ'. "ಶನಿವಾರ ಕಾವೇರಿ ಕಾರ್ಯಕ್ರಮಕ್ಕೆ ಹೋಗೋಣ" ಅಂದರೆ ಇಲ್ಲಿನ ಮಕ್ಕಳು ಯಾರೂ ಈಜುವ ಬಟ್ಟೆ ಹುಡುಕುವುದಿಲ್ಲ!

ಇಷ್ಟನ್ನೂ ಮಗಳಿಗೆ ಹೇಳಿ, ನಕ್ಕಿದ್ದಕ್ಕೆ ಕ್ಷಮೆ ಕೇಳಿದೆ. ಆ ಭಾನುವಾರ ಅವಳೇ ಫೋನ್ ತೆಗೆದುಕೊಂಡು ಅಜ್ಜಿಗೆ 'ೞ'ದ ಕಥೆ ಹೇಳಿದಳು. "ಅಯ್ಯೋ, ಇದು ನಂಗೂ ಗೊತ್ತಿರ್ಲಿಲ್ಲ ಕಣೇ" ಅಂದರು ಅಜ್ಜಿ.

ನೀವು ಕನ್ನಡದಲ್ಲಿ ಎಡವಿದಾಗ ಯಾರಾದರೂ ನಕ್ಕರೆ ಸುಮ್ಮನಾಗಬೇಡಿ. "ಯಾಕೆ ಹಾಗೆ?" ಅಂತ ಕೇಳಿ. ನಕ್ಕವರಿಗೂ ಉತ್ತರ ಹೊಳೆಯದೇ ಇರಬಹುದು. ದೊಡ್ಡವರೇ, ನೀವು ನಗುವ ಮೊದಲು ಒಂದು ಕ್ಷಣ ತಡೆಯಿರಿ.